ಹಿಮ್ಮಡಿ ನೋವು ಇಟ್ಟುಕೊಂಡು ಕಾಡಿನಲ್ಲಿ ಒಂದು ವಾರ: ದಿನದಿನದ ವರದಿ ಹಾಕುತ್ತೇನೆ, ಬೈಯುವವರು ಬೈಯಬಹುದು

ದಿಕ್ಕುದೆಸೆ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಕಡೆ, ಏಳು ವರ್ಷದಿಂದ ವಾಸ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ. ವಯಸ್ಸು ನಲವತ್ತಮೂರು. ಓಡುವುದು ಇಲ್ಲಿಗೆ ಬಂದ ಮೇಲೆ ಹತ್ತಿದ ಚಟ, ನಕ್ಷೆ ನೋಡಿ ಕಾಡಿನಲ್ಲಿ ದಾರಿ ಹುಡುಕುತ್ತ ಓಡುವ ಓರಿಯಂಟೀರಿಂಗ್ ಅದರ ಬೆನ್ನಿಗೇ ಹತ್ತಿದ ಇನ್ನೊಂದು ಚಟ.

ಸಮಸ್ಯೆ ಇಷ್ಟು. ಮೂರು ತಿಂಗಳಿಂದ ಎಡಗಾಲಿನ ಹಿಮ್ಮಡಿಯ ಮೇಲಿನ ನರ, ಅಂದರೆ ಅಕಿಲೀಸ್ ಸ್ನಾಯುರಜ್ಜು, ಬೆಳಿಗ್ಗೆ ಎದ್ದಾಗ ಒಣಗಿದ ತೊಗಲಿನ ಹಾಗೆ ಬಿಗಿದುಕೊಂಡಿರುತ್ತದೆ. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆ ಥೇಟ್ ನನ್ನ ಅಜ್ಜನ ನಡಿಗೆ. ಕಾಫಿ ಮುಗಿಯುವಷ್ಟರಲ್ಲಿ ಸಡಿಲವಾಗುತ್ತದೆ. ಓಡುವಾಗ ಮೊದಲ ಒಂದು ಕಿಲೋಮೀಟರ್ ಗೊಣಗಿ ಸುಮ್ಮನಾಗುತ್ತದೆ. ಮರುದಿನ ಬೆಳಿಗ್ಗೆ ಬಡ್ಡಿ ಸಮೇತ ವಸೂಲಿಗೆ ಬರುತ್ತದೆ.

ಪೂರ್ತಿ ವಿಶ್ರಾಂತಿಯನ್ನೂ ಮಾಡಿ ನೋಡಿದ್ದೇನೆ, ಜುಲೈಯಲ್ಲಿ ಮೂರು ವಾರ. ಮತ್ತೆ ಓಡಿದ ಮೊದಲ ದಿನವೇ ನೋವು ಹಾಜರಿ ಹಾಕಿತು. ಆದ್ದರಿಂದ ಈ ಸಲ ನಿಲ್ಲಿಸುವುದಿಲ್ಲ, ನೋವಿಗೆ ಹತ್ತರಲ್ಲಿ ಅಂಕ ಕೊಡುತ್ತ ಓಡುತ್ತೇನೆ. ಮಂಗಳವಾರ ಕ್ಲಬ್ಬಿನ ತರಬೇತಿ, ಬುಧವಾರ ನಿಧಾನ ಓಟ, ಗುರುವಾರ ರಾತ್ರಿ ಓರಿಯಂಟೀರಿಂಗ್, ಭಾನುವಾರ ಸ್ಪರ್ಧೆ. ಈ ಬೆಳಗಿನ ಅಂಕ 3.

ಬೆಳಗಿನಐದು · ಸೋಮವಾರ ರಾತ್ರಿ

ಓರಿಯಂಟೀರಿಂಗ್ ಎಂದರೆ ಕಂಪನಿಯವರು ರೆಸಾರ್ಟಿಗೆ ಕರೆದೊಯ್ದು ಪೊದೆಯಲ್ಲಿ ಚೀಟಿ ಹುಡುಕಿಸುತ್ತಾರಲ್ಲ, ಅದೇ ತಾನೇ? ನಾನು ವಾರಕ್ಕೆ ಐದು ದಿನ ಕಬ್ಬನ್ ಪಾರ್ಕಿನಲ್ಲಿ ಓಡುವವನು. ಕಣ್ಣು ಮುಚ್ಚಿದರೂ ದಾರಿ ಗೊತ್ತು. ತಲೆಗೆ ಒಂದು ಗಂಟೆ ರಜೆ ಸಿಗಲಿ ಎಂದೇ ಓಡುವುದು. ಅಲ್ಲಿಯೂ ಕಾಗದ ಓದಬೇಕೆಂದರೆ ಕಚೇರಿಗೇ ಹೋಗಬಹುದಲ್ಲ? ಅಷ್ಟಕ್ಕೂ ಮೊಬೈಲಿನಲ್ಲಿ ನಕ್ಷೆ ಇರುವಾಗ ಕಾಗದದ ನಕ್ಷೆ ಏಕೆ?

ದಿಕ್ಕುದೆಸೆ · ಮಂಗಳವಾರ ಬೆಳಿಗ್ಗೆ

ಬೆಳಗಿನಐದು ಅವರೇ, ದಾರಿ ತೋರಿಸಲು ಮೊಬೈಲಿನ ಮೊರೆ ಹೋದರೆ ಆಟವೇ ಮುಗಿಯಿತು. ಹೊರಡುವ ಗಳಿಗೆಯಲ್ಲಿ ಕೈಗೆ ನಕ್ಷೆ ಬರುತ್ತದೆ, ಅದುವರೆಗೆ ನೋಡುವಂತಿಲ್ಲ. ಅದರ ಮೇಲೆ ನೇರಳೆ ಬಣ್ಣದ ವೃತ್ತಗಳು. ಒಂದೊಂದು ವೃತ್ತದ ನಡುವೆ ಒಂದು ಬಂಡೆಯೋ, ಹಳ್ಳದ ತಿರುವೋ, ಜೌಗಿನ ಅಂಚೋ. ಅಲ್ಲಿ ಕಿತ್ತಳೆ-ಬಿಳಿ ಬಟ್ಟೆಯ ಗುರುತು ತೂಗುತ್ತಿರುತ್ತದೆ, ಅದೇ ಕಂಟ್ರೋಲ್. ಅದರ ಸಂಕೇತಸಂಖ್ಯೆ ನಿಮ್ಮ ಪಟ್ಟಿಯದಕ್ಕೆ ತಾಳೆಯಾದರೆ ಬೆರಳಿಗೆ ಕಟ್ಟಿದ ಎಲೆಕ್ಟ್ರಾನಿಕ್ ಕಡ್ಡಿಯನ್ನು ಪೆಟ್ಟಿಗೆಗೆ ತೂರಿಸಿ, ಅದು ಕುಯ್ಯ್ ಎಂದ ಮೇಲೆ ಮುಂದಿನದಕ್ಕೆ ಓಡಬೇಕು. ಕಂಟ್ರೋಲುಗಳ ಸರದಿ ಗೊತ್ತುಪಡಿಸಿದ್ದು, ನಡುವಿನ ದಾರಿ ನಿಮ್ಮಿಷ್ಟ.

ನಕ್ಷೆಯ ಅಳತೆ ಸಾಮಾನ್ಯವಾಗಿ 1:10,000, ಅಂದರೆ ಒಂದು ಸೆಂಟಿಮೀಟರಿಗೆ ನೂರು ಮೀಟರ್ ನೆಲ. ಐದು ಮೀಟರ್ ಎತ್ತರಕ್ಕೊಂದು ಸಮೋನ್ನತ ರೇಖೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ. ಮಲೆನಾಡಿನವನಿಗೆ ಇದರಲ್ಲಿ ಮೊದಲ ಹೊಡೆತ ಬಣ್ಣಗಳದ್ದು. ಹಸಿರು ಎಂದರೆ ಕಾಡು ಎಂದುಕೊಂಡು ಹೋದೆ. ಅಲ್ಲ, ಸಲೀಸಾಗಿ ಓಡಬಹುದಾದ ಕಾಡು ಬಿಳಿ, ಬಯಲು ಹಳದಿ. ಹಸಿರು ಗಾಢವಾದಷ್ಟೂ ನುಗ್ಗಲಾಗದ ಪೊದೆ. ಮೊದಲ ವರ್ಷ ಹಸಿರಿನ ಆಸೆಗೆ ಬಿದ್ದು ಮೈಯೆಲ್ಲ ತರಚಿಸಿಕೊಂಡಿದ್ದೇನೆ.

ನಿವೃತ್ತ ಸುಬೇದಾರ · ಮಂಗಳವಾರ ಬೆಳಿಗ್ಗೆ

ಸೋಮವಾರಪೇಟೆಯಿಂದ ನಮಸ್ಕಾರ. ನಮ್ಮ ಕಾಲದಲ್ಲಿ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್, ಅಳತೆ 1:50,000, ರೇಖೆಗಳ ಅಂತರ ಇಪ್ಪತ್ತು ಮೀಟರ್. ನಿಮ್ಮ ನಕ್ಷೆಯಲ್ಲಿ ಕಾಣುವ ಗುಡ್ಡ ನಮ್ಮದರಲ್ಲಿ ಹುಟ್ಟಿಯೇ ಇರುತ್ತಿರಲಿಲ್ಲ. ಹೆಜ್ಜೆ ಎಣಿಸಿಕೊಂಡು ರಾತ್ರಿ ನಡೆಯುತ್ತಿದ್ದೆವು; ನೂರು ಮೀಟರಿಗೆ ನನ್ನವು ಅರವತ್ತೆರಡು ಜೋಡಿ ಹೆಜ್ಜೆ, ಇವತ್ತಿಗೂ ಮರೆತಿಲ್ಲ.

ಇದು ಹುಟ್ಟಿದ್ದೇ ಫೌಜಿನಲ್ಲಿ ಎಂಬುದನ್ನು ನೀವು ಹೇಳಲಿಲ್ಲವಲ್ಲ ತಮ್ಮಾ.

ದಿಕ್ಕುದೆಸೆ · ಮಂಗಳವಾರ ರಾತ್ರಿ

ನಿಜ ಸರ್, ಹೇಳಬೇಕಿತ್ತು. ‘ಓರಿಯಂಟೀರಿಂಗ್’ ಎಂಬ ಮಾತು ಸ್ವೀಡನ್ನಿನ ಸೈನಿಕ ಶಾಲೆಯಲ್ಲಿ 1886ರಷ್ಟು ಹಿಂದೆಯೇ ಬಳಕೆಯಲ್ಲಿತ್ತು. ಅದನ್ನು ಜನರ ಆಟವಾಗಿಸಿದ ಎರ್ನ್ಸ್ಟ್ ಕಿಲಾಂಡರ್ ಕೂಡ ಸೇನೆಯ ಅಧಿಕಾರಿಯೇ. 1919ರ ಮಾರ್ಚ್‌ನಲ್ಲಿ ಸ್ಟಾಕ್‌ಹೋಮ್ ಬಳಿ ಆತ ನಡೆಸಿದ ಸ್ಪರ್ಧೆಗೆ ಇನ್ನೂರಕ್ಕೂ ಹೆಚ್ಚು ಜನ ಬಂದಿದ್ದರು.

ಈಗ ಇವತ್ತಿನ ವರದಿ. ಡೆಲ್‌ಶೋನ್ ಕೆರೆಯ ಪಕ್ಕದ ಕಾಡು, ಹದಿನಾಲ್ಕು ಕಂಟ್ರೋಲ್. ಇಲ್ಲಿಯ ನೆಲ ವಿಚಿತ್ರ: ಬೋಳು ಬಂಡೆ, ಅದರ ಪಕ್ಕ ಮೊಣಕಾಲುದ್ದದ ಜೌಗು, ಮತ್ತೆ ಬಂಡೆ. ಎಲ್ಲ ದಿಬ್ಬಗಳೂ ಅಕ್ಕತಂಗಿಯರ ಹಾಗಿರುತ್ತವೆ. ಆರನೆಯ ಕಂಟ್ರೋಲ್ ದಿಬ್ಬದ ತುದಿಯಲ್ಲಿತ್ತು, ಅದರ ಪೂರ್ವಕ್ಕೆ ಜೌಗು. ನಾನು ಏರಿದ ದಿಬ್ಬದ ಪೂರ್ವಕ್ಕೆ ಚೂರು ಒದ್ದೆ ನೆಲ ಕಂಡಿತು. ಇದೇ ಜೌಗು ಎಂದು ನನಗೆ ನಾನೇ ಒಪ್ಪಿಸಿದೆ. ಕಲ್ಲು ಇರಬೇಕಾದ ಕಡೆ ಕಲ್ಲಿಲ್ಲ. ಪಾಚಿ ಮುಚ್ಚಿರಬೇಕು ಎಂದುಕೊಂಡೆ. ಕಾಲುದಾರಿ ಇರಬಾರದ ಕಡೆ ಕಾಲುದಾರಿ. ಹೊಸದಾಗಿ ಬಿದ್ದಿರಬೇಕು ಎಂದುಕೊಂಡೆ. ಹೀಗೆ ಒಂಬತ್ತು ನಿಮಿಷ. ಸರಿಯಾದ ದಿಬ್ಬ ಪಕ್ಕದಲ್ಲೇ, ನೂರೈವತ್ತು ಮೀಟರ್ ಉತ್ತರಕ್ಕಿತ್ತು.

ಓಡುವಾಗ ನೋವು 3. ಕಣಕಾಲಿಗೆ ಬಂಡೆ ತಾಗಿ ತರಚಿದೆ, ಅದು ಲೆಕ್ಕಕ್ಕಿಲ್ಲ. ಮೊಣಕಾಲಿನ ಹಿಂದೆ ಒಂದು ಉಣುಗು ಕಚ್ಚಿಕೊಂಡಿತ್ತು, ಚಿಮುಟದಲ್ಲಿ ಕಿತ್ತೆ.

ನಿವೃತ್ತ ಸುಬೇದಾರ · ಮಂಗಳವಾರ ರಾತ್ರಿ

ನಕ್ಷೆಯನ್ನು ನೆಲಕ್ಕೆ ಹೊಂದಿಸಬೇಕು. ನೀವು ನೆಲವನ್ನು ನಕ್ಷೆಗೆ ಹೊಂದಿಸಿದಿರಿ. ಇದಕ್ಕೆ ನಮ್ಮಲ್ಲಿ ಶಿಕ್ಷೆ ಇತ್ತು, ಇಲ್ಲಿ ಬರೆಯುವುದಿಲ್ಲ.

ಶರಾವತಿ ಹಿನ್ನೀರು · ಬುಧವಾರ ಬೆಳಿಗ್ಗೆ

ಉಣುಗು ಎಂದು ಇಷ್ಟು ಹಗುರವಾಗಿ ಬರೆದಿದ್ದೀರಲ್ಲ! ನಾನು ಸಾಗರದ ಹತ್ತಿರದ ಒಂದು ಹಳ್ಳಿಯಲ್ಲಿ ಶಾಲೆಯ ಶಿಕ್ಷಕಿ. ನಮ್ಮಲ್ಲಿ ಉಣುಗು ಎಂದರೆ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಲೋಕವೆಲ್ಲ ಅದನ್ನು ಆ ಊರಿನ ಹೆಸರಿನಿಂದಲೇ ಕರೆಯುತ್ತದೆ. ದರಗು ತರಲು ಕಾಡಿಗೆ ಹೋದವರಿಗೆ ಇವತ್ತಿಗೂ ಬರುತ್ತದೆ. ತೀರ್ಥಹಳ್ಳಿಯವರಾದ ನಿಮಗೆ ಇದನ್ನು ಹೇಳಬೇಕೆ?

ದಿಕ್ಕುದೆಸೆ · ಬುಧವಾರ ಮಧ್ಯಾಹ್ನ

ಹೇಳಬೇಕಿಲ್ಲ ಮೇಡಂ, ಆ ಭಯ ಮೈಯಲ್ಲೇ ಇದೆ. ಇಲ್ಲಿಯ ಉಣುಗು ಮೆದುಳಿನ ಉರಿಯೂತ ತರುವ ಒಂದು ವೈರಸ್ ಹೊತ್ತಿರುತ್ತದೆ, ಮಂಗನ ಕಾಯಿಲೆಯ ವೈರಸ್ಸಿನ ಕುಟುಂಬದ್ದೇ. ಅದಕ್ಕೆ ಲಸಿಕೆ ಹಾಕಿಸಿಕೊಂಡಿದ್ದೇನೆ. ಲೈಮ್ ಕಾಯಿಲೆಯೂ ಉಂಟು. ಅದಕ್ಕೆ ಕಾಡಿನಿಂದ ಬಂದ ಕೂಡಲೇ ಸ್ನಾನ, ಮೊಣಕಾಲ ಸಂದು, ತೊಡೆಸಂದು, ಕಂಕುಳು ತಡಕುವುದು, ಕಚ್ಚಿದ ಜಾಗದ ಸುತ್ತ ಕೆಂಪು ಹರಡುತ್ತದೆಯೇ ಎಂದು ಕೆಲವು ವಾರ ಕಣ್ಣಿಡುವುದು. ಉಂಬಳದ ಹಾಗೆ ಸುಣ್ಣ, ಹೊಗೆಸೊಪ್ಪು ಇದಕ್ಕೆ ನಡೆಯದು. ನಿಜ ಹೇಳುತ್ತೇನೆ, ಉಂಬಳವೇ ಎಷ್ಟೋ ಸಭ್ಯ ಪ್ರಾಣಿ.

ಇವತ್ತು ಬೆಳಿಗ್ಗೆ ಅಂಕ 3. ಸಂಜೆ ಸ್ಕಾಟೋಸ್‌ನ ದೀಪ ಹಾಕಿದ ಹಾದಿಯಲ್ಲಿ ಐದು ಕಿಲೋಮೀಟರ್ ನಿಧಾನ ಓಟ ಇದೆ.

ಕೀಲೆಣ್ಣೆ · ಬುಧವಾರ ಸಂಜೆ

ಮೈಸೂರಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿ ಹದಿನೈದು ವರ್ಷ. ಕಾಲು ನೋಡದೆ ಚಿಕಿತ್ಸೆ ಹೇಳುವುದಿಲ್ಲ, ಆದರೆ ಮೂರು ಪ್ರಶ್ನೆ ಕೇಳದೆ ಇರಲಾರೆ. ನೋವು ಸರಿಯಾಗಿ ಎಲ್ಲಿದೆ, ಹಿಮ್ಮಡಿ ಮೂಳೆಗೆ ನರ ಅಂಟಿಕೊಳ್ಳುವ ಕಡೆಯೋ, ಅಥವಾ ಅದಕ್ಕಿಂತ ಎರಡು ಮೂರು ಬೆರಳು ಮೇಲೆಯೋ? ಈಚೆಗೆ ಸಿಪ್ರೋಫ್ಲಾಕ್ಸಸಿನ್ ಜಾತಿಯ ಆಂಟಿಬಯೋಟಿಕ್ ನುಂಗಿದ್ದೀರಾ? ಅವು ಈ ನರವನ್ನೇ ದುರ್ಬಲಗೊಳಿಸಬಲ್ಲವು. ಹಿಮ್ಮಡಿ ಎತ್ತಿ ಇಳಿಸುವ ವ್ಯಾಯಾಮ ಮಾಡುತ್ತಿದ್ದೀರಾ, ಇಲ್ಲವೇ ಅಂಕ ಕೊಡುವುದೊಂದೇ ಕೆಲಸವೇ?

ವಿಶ್ರಾಂತಿಯಿಂದ ನೋವು ಇಳಿಯುತ್ತದೆ, ನರ ಗಟ್ಟಿಯಾಗುವುದಿಲ್ಲ. ಜುಲೈಯಲ್ಲಿ ನಿಮಗಾದದ್ದು ಅದೇ. ನೀವಿರುವ ದೇಶದ್ದೇ ಕಥೆ ಹೇಳುತ್ತೇನೆ. ಉಮಿಯೊ ಊರಿನ ಮೂಳೆವೈದ್ಯ ಹೋಕನ್ ಆಲ್ಫ್ರೆಡ್ಸನ್‌ಗೆ ತನ್ನದೇ ಹಿಮ್ಮಡಿ ನರದ ನೋವಿತ್ತು. ಶಸ್ತ್ರಚಿಕಿತ್ಸೆ ಮಾಡಿ ಎಂದರೆ ಮೇಲಧಿಕಾರಿ ಒಪ್ಪಲಿಲ್ಲ. ಹಾಗಾದರೆ ಹರಿದುಹೋಗಲಿ, ಆಗ ಮಾಡಲೇಬೇಕಾಗುತ್ತದೆ ಎಂದು ಆತ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಭಾರ ಹಾಕಿ ಇಳಿಸತೊಡಗಿದನಂತೆ. ಹರಿಯಲಿಲ್ಲ, ವಾಸಿಯಾಯಿತು! 1998ರಲ್ಲಿ ಅದನ್ನೇ ಕ್ರಮಬದ್ಧವಾಗಿ ಪ್ರಕಟಿಸಿದರು: ಮೊಣಕಾಲು ನೇರವಾಗಿಟ್ಟು ಹದಿನೈದರಂತೆ ಮೂರು ಸಲ, ಬಾಗಿಸಿ ಮೂರು ಸಲ, ದಿನಕ್ಕೆರಡು ಹೊತ್ತು, ಹನ್ನೆರಡು ವಾರ. ದಿನಕ್ಕೆ 180 ಬಾರಿ. ಈಗ ಇಷ್ಟನ್ನೇ ಮಾಡಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ, ಭಾರ ಹಾಕಿ ನಿಧಾನ ಮಾಡುವ ಬೇರೆ ಕ್ರಮಗಳೂ ಇವೆ. ನೋವು ಮೂಳೆಗೆ ಅಂಟುವ ಕಡೆ ಇದ್ದರೆ ಮಾತ್ರ ಮೆಟ್ಟಿಲಿನಿಂದ ಕೆಳಗೆ ಇಳಿಸಬೇಡಿ, ಸಮನೆಲದಲ್ಲೇ ಮಾಡಿ.

ಅಂಕದ ಪದ್ಧತಿ ನಿಮ್ಮ ಊರಿನದ್ದೇ. ಗೋಥೆನ್‌ಬರ್ಗ್‌ನ ಸಂಶೋಧಕರು 2007ರಲ್ಲಿ ತೋರಿಸಿದ್ದು: ನೋವು ಹತ್ತರಲ್ಲಿ ಐದು ದಾಟದಿದ್ದರೆ, ಮರುದಿನ ಬೆಳಗಿನೊಳಗೆ ತಗ್ಗಿದರೆ, ವಾರದಿಂದ ವಾರಕ್ಕೆ ಏರದಿದ್ದರೆ, ವ್ಯಾಯಾಮದ ಜೊತೆ ಓಟವನ್ನೂ ಮುಂದುವರಿಸಬಹುದು. ಮೂರು ಷರತ್ತೂ ಸೇರಿದರೆ ಮಾತ್ರ. ಜನ ಮೊದಲನೆಯದನ್ನು ಓದಿ ಉಳಿದೆರಡನ್ನು ಬಿಟ್ಟುಬಿಡುತ್ತಾರೆ.

ಬೆಳಗಿನಐದು · ಬುಧವಾರ ಸಂಜೆ

ಐಸ್ ಇಟ್ಟರೆ ಆಗುವುದಿಲ್ಲವೇ? ನಮ್ಮ ಓಟದ ಗುಂಪಿನಲ್ಲಿ ಎಲ್ಲದಕ್ಕೂ ಐಸೇ. ನನ್ನ ಅಜ್ಜಿಯನ್ನು ಕೇಳಿದ್ದರೆ ಹುಣಸೆಹಣ್ಣು, ಉಪ್ಪು, ಅರಿಶಿನ ಕುದಿಸಿ ಬಿಸಿ ಪಟ್ಟು ಹಾಕುತ್ತಿದ್ದರು. ಒಬ್ಬರು ತಣ್ಣಗೆ, ಇನ್ನೊಬ್ಬರು ಬಿಸಿ. ಯಾರ ಮಾತು ಕೇಳುವುದು?

ಕೀಲೆಣ್ಣೆ · ಬುಧವಾರ ರಾತ್ರಿ

ವಿಶ್ರಾಂತಿ, ಐಸ್, ಬಿಗಿಪಟ್ಟಿ, ಕಾಲು ಎತ್ತಿಡುವುದು ಎಂಬ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರೇ 2014ರಲ್ಲಿ, ಐಸೂ ಪೂರ್ತಿ ವಿಶ್ರಾಂತಿಯೂ ವಾಸಿಯಾಗುವುದನ್ನು ತಡಮಾಡಬಹುದು ಎಂದು ತಮ್ಮ ಮಾತನ್ನು ತಿದ್ದಿಕೊಂಡರು. ಹೊಸ ಉಳುಕಿನ ನೋವು ತಡೆಯಲಾಗದಿದ್ದರೆ ಹತ್ತು ನಿಮಿಷ ಐಸ್ ಇಡಿ, ತಪ್ಪಿಲ್ಲ. ತಿಂಗಳುಗಟ್ಟಲೆ ಹಳೆಯ ನರದ ನೋವಿಗೆ ಐಸ್ ಇಡುವುದೂ ಗೋಡೆಗೆ ಇಡುವುದೂ ಒಂದೇ. ಅಜ್ಜಿಯ ಪಟ್ಟಿನ ಬಗ್ಗೆ ಮಾತಾಡುವುದಿಲ್ಲ, ನನ್ನ ಅಜ್ಜಿಯೂ ಅದನ್ನೇ ಹಾಕುತ್ತಿದ್ದರು. ಕುದಿ ಆರಿದ ಮೇಲೆ ಹಾಕಿ, ಚರ್ಮ ಸುಟ್ಟುಕೊಂಡು ಬಂದವರನ್ನು ನೋಡಿದ್ದೇನೆ.

ದಿಕ್ಕುದೆಸೆ · ಗುರುವಾರ ಬೆಳಿಗ್ಗೆ

ನೋವು ಮೂರು ಬೆರಳು ಮೇಲೆ. ಆಂಟಿಬಯೋಟಿಕ್ ಇಲ್ಲ. ವ್ಯಾಯಾಮ ಮಾಡುತ್ತಿದ್ದೇನೆ… ನೆನಪಾದ ದಿನ. ಇವತ್ತು ಬೆಳಗಿನ ಅಂಕ 2. ರಾತ್ರಿ ಕಾಡಿಗೆ.

ದಿಕ್ಕುದೆಸೆ · ಗುರುವಾರ, ನಡುರಾತ್ರಿ ಕಳೆದು

ಕೂತು ಬರೆಯುತ್ತಿದ್ದೇನೆ, ಬಲಗಾಲು ಮೂರು ದಿಂಬಿನ ಮೇಲಿದೆ. ಹೌದು, ಬಲಗಾಲು.

ಎಂಟು ಗಂಟೆಗೆ ಹೊರಟಾಗ ಸಣ್ಣ ಮಳೆ. ರಾತ್ರಿ ಓರಿಯಂಟೀರಿಂಗ್‌ನಲ್ಲಿ ಲೋಕ ಎಂದರೆ ಹಣೆಯ ದೀಪ ಬೀಳುವಷ್ಟೇ ಜಾಗ. ಗುಡ್ಡದ ಆಕಾರ ಕಾಣುವುದಿಲ್ಲ, ಕಾಲಿಗೆ ಏರು ಸಿಕ್ಕಿತೇ ಇಳಿಜಾರು ಸಿಕ್ಕಿತೇ ಎಂಬುದರಿಂದಲೇ ತಿಳಿಯಬೇಕು. ದೂರದಲ್ಲಿ ಬೇರೆಯವರ ದೀಪಗಳು ಮಿಣುಕುತ್ತ ಹೋಗುತ್ತವೆ. ಅವುಗಳ ಹಿಂದೆ ಹೋದರೆ ಅವರ ಕಂಟ್ರೋಲ್ ಸಿಗುತ್ತದೆ, ನಿಮ್ಮದಲ್ಲ. ಊರಿನಲ್ಲಿ ಕೊಳ್ಳಿದೆವ್ವದ ಕಥೆ ಕೇಳಿ ಬೆಳೆದವನಿಗೆ ಈ ಪಾಠ ಸುಲಭವಾಗಿ ಅರ್ಥವಾಯಿತು.

ಮೊದಲ ಆರು ಕಂಟ್ರೋಲ್ ಚೆನ್ನಾಗಿಯೇ ಸಿಕ್ಕವು. ಏಳನೆಯದಕ್ಕೆ ದಿಕ್ಸೂಚಿ ಹಿಡಿದು ಜೌಗು ದಾಟಿ, ಆಚೆಯ ಬಂಡೆ ಹತ್ತಬೇಕಿತ್ತು. ಎಡಗಾಲಿಗೆ ಭಾರ ಬೀಳದಿರಲಿ ಎಂದು ಪ್ರತಿ ಬಂಡೆಗೂ ಬಲಗಾಲನ್ನೇ ಮುಂದಿಡುತ್ತಿದ್ದೆ. ಬ್ಲೂಬೆರಿ ಪೊದೆಯ ಕೆಳಗೆ ಎರಡು ಕಲ್ಲಿನ ನಡುವೆ ಬಲಪಾದ ಒಳಗೆ ಮಡಚಿಕೊಂಡಿತು. ಶಬ್ದವೇನೂ ಬರಲಿಲ್ಲ. ಒಂದು ನಿಮಿಷ ಪಾಚಿಯ ಮೇಲೆ ಕೂತೆ. ಮಳೆ ಬೀಳುತ್ತಿತ್ತು, ದೀಪದ ಬೆಳಕಿನಲ್ಲಿ ನನ್ನ ಉಸಿರಿನ ಹಬೆ ಕಾಣುತ್ತಿತ್ತು, ಮತ್ತು ನಾಚಿಕೆಯ ಸಂಗತಿ ಎಂದರೆ ಮೊದಲು ಬಂದ ಯೋಚನೆ ಕಾಲಿನದಲ್ಲ, ಭಾನುವಾರದ್ದು.

ಎದ್ದು ನಿಂತೆ, ಹೆಜ್ಜೆ ಇಡಲು ಆಯಿತು. ಉಳಿದ ಕಂಟ್ರೋಲುಗಳನ್ನು ಬಿಟ್ಟು, ಹಾದಿ ಹಿಡಿದು ಒಂದೂವರೆ ಕಿಲೋಮೀಟರ್ ನಡೆದು ಮುಕ್ತಾಯದ ಮೇಜಿಗೆ ಹೋದೆ. ಅರ್ಧಕ್ಕೆ ಬಿಟ್ಟರೂ ಅಲ್ಲಿಗೆ ಹೋಗಿ ಹಾಜರಿ ಕೊಡಲೇಬೇಕು. ಕೊಡದೆ ನೇರ ಮನೆಗೆ ಹೋದರೆ, ಇವನು ಕಾಡಿನಲ್ಲೇ ಬಿದ್ದಿದ್ದಾನೆ ಎಂದು ರಾತ್ರಿಯೆಲ್ಲ ಹುಡುಕುತ್ತಾರೆ. ಹರಡಿನ ಹೊರಬದಿ ಕೋಳಿಮೊಟ್ಟೆಯಷ್ಟು ಊದಿದೆ.

ಕೀಲೆಣ್ಣೆ · ಶುಕ್ರವಾರ ಬೆಳಿಗ್ಗೆ

ಈಗ ಬೆರಳಿನಿಂದ ಒತ್ತಿ ನೋಡಿ. ಹರಡಿನ ಎರಡೂ ಬದಿಯ ಉಬ್ಬು ಮೂಳೆಗಳ ಹಿಂದಿನ ಅಂಚು ಮತ್ತು ತುದಿ, ಪಾದದ ಹೊರ ಅಂಚಿನ ನಡುವೆ ಎದ್ದಿರುವ ಮೂಳೆ, ಒಳಬದಿಯಲ್ಲಿ ಕಮಾನಿನ ಮೇಲಿನ ಮೂಳೆ. ಈ ಮೂಳೆಗಳ ಮೇಲೆಯೇ ಒತ್ತಿದಾಗ ನೋವಿದ್ದರೆ ಅಥವಾ ಆಸರೆಯಿಲ್ಲದೆ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಬೇಕು. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪುಗೊಂಡ ನಿಯಮವಿದು, ಎಷ್ಟೋ ಅನಗತ್ಯ ಎಕ್ಸ್‌ರೇಗಳನ್ನು ಉಳಿಸಿದೆ. ಮೂಳೆಯ ಮುಂದಿನ, ಕೆಳಗಿನ ಮೆತ್ತನೆ ಜಾಗದಲ್ಲಿ ಮಾತ್ರ ನೋವಿದ್ದರೆ ಬಹುಮಟ್ಟಿಗೆ ಲಿಗಮೆಂಟ್, ಅಂದರೆ ಮೂಳೆಗಳನ್ನು ಒಂದಕ್ಕೊಂದು ಕಟ್ಟಿಹಿಡಿಯುವ ಪಟ್ಟಿ, ಉಳುಕಿದ್ದು.

ಇನ್ನೊಂದು ಮಾತು, ಎಡಗಾಲಿಗೆ ಸಂಬಂಧಿಸಿ. ಓಡುವಾಗ ಯಾರೋ ಹಿಂದಿನಿಂದ ಒದ್ದ ಹಾಗೆ ಅನಿಸಿ, ತಿರುಗಿ ನೋಡಿದರೆ ಯಾರೂ ಇರದಿದ್ದರೆ, ತುದಿಗಾಲಲ್ಲಿ ನಿಲ್ಲಲು ಬಾರದಿದ್ದರೆ, ಅದು ನರ ಹರಿದ ಲಕ್ಷಣ. ಅದಕ್ಕೆ ಅಂಕ ಕೊಡುತ್ತ ಕೂರಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.

ನೋವಿನ ಮಾತ್ರೆ ನುಂಗಿ ಭಾನುವಾರ ಓಡುವ ಆಲೋಚನೆ ಇದ್ದರೆ ಈಗಲೇ ಬಿಡಿ.

ಬೆಳಗಿನಐದು · ಶುಕ್ರವಾರ ಬೆಳಿಗ್ಗೆ

ನಾನಂತೂ ಅಂಗಾಲು ನೋವು ಇಟ್ಟುಕೊಂಡೇ ಹತ್ತು ಕಿಲೋಮೀಟರ್ ಸ್ಪರ್ಧೆ ಓಡಿದ್ದೆ, ಏನೂ ಆಗಲಿಲ್ಲ. ಬಿಗಿಯಾಗಿ ಟೇಪ್ ಸುತ್ತಿ ಓಡಿಬಿಡಿ.

ಕೀಲೆಣ್ಣೆ · ಶುಕ್ರವಾರ ಬೆಳಿಗ್ಗೆ

ಏನೂ ಆಗಲಿಲ್ಲ ಎನ್ನುವವರು ನೋವಿಗೆಂದು ಅಂಗಾಲಿನ ಕೆಳಗೆ ಎಷ್ಟು ತಿಂಗಳು ಬಾಟಲಿ ಉರುಳಿಸುತ್ತ ಕೂತಿದ್ದರು ಎಂಬುದನ್ನೂ ಬರೆಯಬೇಕು.

ಬೆಳಗಿನಐದು · ಶುಕ್ರವಾರ ಬೆಳಿಗ್ಗೆ

ಏಳು. ಅದು ಬೇರೆ ವಿಷಯ.

ಶರಾವತಿ ಹಿನ್ನೀರು · ಶುಕ್ರವಾರ ಸಂಜೆ

ನಾನು ಓಟಗಾರ್ತಿಯಲ್ಲ, ವೈದ್ಯಳೂ ಅಲ್ಲ. ಆದರೆ ಇಪ್ಪತ್ತು ವರ್ಷದಿಂದ ಉತ್ತರಪತ್ರಿಕೆ ತಿದ್ದುತ್ತಿದ್ದೇನೆ. ಈ ಮನುಷ್ಯರ ಅಂಕಗಳನ್ನು ಮೇಲಿನಿಂದ ಓದಿಕೊಂಡು ಬನ್ನಿ. ಸೋಮವಾರ 3, ಮಂಗಳವಾರ ಒಂಬತ್ತು ನಿಮಿಷ ಹೆಚ್ಚಿಗೆ ಅಲೆದ ಮರುದಿನವೂ 3, ಮತ್ತೊಂದು ಓಟವಾದ ಮೇಲೆ ಗುರುವಾರ 2. ಕೆಲಸ ಹೆಚ್ಚಾದ ಹಾಗೆಲ್ಲ ನೋವು ಕಡಿಮೆಯಾಗಿದೆ! ವ್ಯಾಯಾಮವೋ ನೆನಪಾದ ದಿನ ಮಾತ್ರ. ತನ್ನ ಪತ್ರಿಕೆಗೆ ತಾನೇ ಅಂಕ ಹಾಕಿಕೊಳ್ಳುವ ಹುಡುಗರನ್ನು ನಾನು ಬಲ್ಲೆ. ಮಂಗಳವಾರದ ಆ ದಿಬ್ಬವನ್ನೂ ನೀವು ಹೀಗೆಯೇ ಅಲ್ಲವೇ ಹುಡುಕಿದ್ದು?

ನಿವೃತ್ತ ಸುಬೇದಾರ · ಶುಕ್ರವಾರ ರಾತ್ರಿ

ಮೇಡಂಗೆ ಸೆಲ್ಯೂಟ್.

ದಿಕ್ಕುದೆಸೆ · ಶನಿವಾರ

ಮೇಡಂ, ನಿಮ್ಮ ಬರಹ ಓದಿ ಉತ್ತರ ಹೊಳೆಯದೆ ಒಂದು ದಿನ ಸುಮ್ಮನಿದ್ದೆ. ಮಂಗಳವಾರ ಓಡಿದ ಮರುಬೆಳಿಗ್ಗೆ ನಿಜವಾಗಿ 5 ಇತ್ತು. ‘ಕಾಫಿ ಕುಡಿದ ಮೇಲೆ ನೋಡೋಣ’ ಎಂದು ಕಾಯ್ದು 3 ಬರೆದೆ.

ಮೂಳೆಗಳ ಮೇಲೆ ನೋವಿಲ್ಲ, ನಾಲ್ಕಲ್ಲ ನಲವತ್ತು ಹೆಜ್ಜೆ ಇಟ್ಟಿದ್ದೇನೆ. ಊತ ಇಳಿದಿದೆ, ನೇರಳೆ ಬಣ್ಣ ಅಂಗಾಲಿನತ್ತ ಹರಿದಿದೆ. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲಲು ನೋಡಿದೆ, ಎಡಗಾಲಲ್ಲಿ ನಿಂತರೆ ನರ ಬೈಯುತ್ತದೆ, ಬಲಗಾಲಲ್ಲಿ ನಿಂತರೆ ಹರಡು. ನಾವಿರುವ ಕಟ್ಟಡದಲ್ಲಿ ಬಟ್ಟೆ ಒಗೆಯುವ ಕೋಣೆ ಎಲ್ಲ ಮನೆಗಳಿಗೂ ಸೇರಿ ಒಂದೇ, ನೆಲಮಾಳಿಗೆಯಲ್ಲಿದೆ, ಸರದಿ ಮೊದಲೇ ಕಾದಿರಿಸಬೇಕು. ಇವತ್ತು ನಮ್ಮ ಸರದಿಯಿತ್ತು. ಮೆಟ್ಟಿಲು ಇಳಿಯಲು ಕಾಲು ನೋಯುತ್ತದೆ ಎಂದೆ. ನನ್ನವಳು ಕೇಳಿದ್ದು: “ಕಾಡಿಗೆ ಹೋಗಲು ಇರುವ ಕಾಲು ಬೇರೆ, ಲಾಂಡ್ರಿಗೆ ಹೋಗಲು ಇರುವ ಕಾಲು ಬೇರೆಯೇ?” ಬುಟ್ಟಿ ಹೊತ್ತು ಇಳಿದೆ.

ದಿಕ್ಕುದೆಸೆ · ಭಾನುವಾರ ಸಂಜೆ

ನನ್ನ ವಯೋವರ್ಗದ ಸ್ಪರ್ಧೆಯಿಂದ ಹೆಸರು ತೆಗೆಸಿದೆ. ಆದರೆ ಮನೆಯಲ್ಲಿ ಕೂರಲಿಲ್ಲ. ಇಲ್ಲಿಯ ಸ್ಪರ್ಧೆಗಳಲ್ಲಿ ಯಾರು ಬೇಕಾದರೂ ಅಂದೇ ಹೆಸರು ಕೊಟ್ಟು ಹೋಗಬಹುದಾದ ಮುಕ್ತ ಮಾರ್ಗಗಳಿರುತ್ತವೆ. ಮೂರು ಕಿಲೋಮೀಟರಿನದನ್ನು ಆರಿಸಿಕೊಂಡು, ಹರಡಿಗೆ ಟೇಪ್ ಸುತ್ತಿ, ನಡೆದೆ. ಕೀಲೆಣ್ಣೆಯವರೇ, ಪ್ರಮಾಣ ಮಾಡಿ ಹೇಳುತ್ತೇನೆ, ಮಾತ್ರೆ ನುಂಗಿಲ್ಲ.

ನಡೆಯುತ್ತ ಹೋದರೆ ನಕ್ಷೆಯಲ್ಲಿ ಏನೆಲ್ಲ ಇದೆ! ಎರಡು ಮೀಟರಿನ ಬಂಡೆಗೂ ಒಂದು ಚುಕ್ಕಿ, ಹಳೆಯ ಕಲ್ಲಿನ ಪಾಗಾರಕ್ಕೂ ಒಂದು ಗೆರೆ. ಯಾರೋ ಒಬ್ಬರು ಈ ಕಾಡಿನಲ್ಲಿ ವಾರಗಟ್ಟಲೆ ನಡೆದು ಇದನ್ನೆಲ್ಲ ಬರೆದಿದ್ದಾರೆ, ನಾನು ಇಷ್ಟು ವರ್ಷ ಅದರ ಮೇಲೆ ಹಾರಿಕೊಂಡು ಹೋಗಿದ್ದೇನೆ. ಏಳು ಕಂಟ್ರೋಲ್‌ಗಳವರೆಗೆ ಒಂದೂ ತಪ್ಪಿಲ್ಲ. ಎಂಟನೆಯದಕ್ಕೆ ನೀಟಾದ ಹಾದಿ ಇತ್ತು, ಕಾಲು ತಾನಾಗಿ ಓಟಕ್ಕೆ ಬಿತ್ತು, ತಿರುವು ದಾಟಿ ಇನ್ನೂರು ಮೀಟರ್ ಮುಂದೆ ಹೋಗಿಬಿಟ್ಟೆ. ಹಿಂತಿರುಗುವಾಗ ಎಂಬತ್ತು ದಾಟಿರಬಹುದಾದ ಒಬ್ಬ ಅಜ್ಜಿ, ಎದೆಗೆ ಸಂಖ್ಯೆ ಸಿಕ್ಕಿಸಿಕೊಂಡು, “ಹೇ” ಎಂದು ನನ್ನನ್ನು ದಾಟಿ ನೇರ ಕಂಟ್ರೋಲಿಗೆ ಹೋದರು. ಇಲ್ಲಿ 85, 90 ದಾಟಿದವರಿಗೂ ವರ್ಗಗಳಿವೆ.

ನಿವೃತ್ತ ಸುಬೇದಾರ · ಭಾನುವಾರ ರಾತ್ರಿ

ಸಣ್ಣ ಮಾರ್ಗದಲ್ಲಿ ಏಳು ಸರಿ ಮಾಡಿದ್ದಕ್ಕೆ ಬೀಗಬೇಡಿ. ನಕ್ಷೆಯ ಚಿತ್ರ ಹಾಕಿ, ಆ ಎಂಟನೆಯದನ್ನು ನಾನೂ ನೋಡಬೇಕು. ಅಂದಹಾಗೆ ಕಲಿಯಲು ಆಸೆಯಿದ್ದವರಿಗೆ: ಸರ್ವೆ ಆಫ್ ಇಂಡಿಯಾದ ಓಪನ್ ಸೀರೀಸ್ ನಕ್ಷೆಗಳು ಸಾರ್ವಜನಿಕರಿಗೂ ಸಿಗುತ್ತವೆ. ನಿಮ್ಮ ಊರಿನ ಹಾಳೆ ತೆಗೆದುಕೊಂಡು, ಮನೆ ಹಿಂದಿನ ಗುಡ್ಡವನ್ನು ರೇಖೆಗಳಲ್ಲಿ ಗುರುತಿಸಿ ನೋಡಿ. ಅರ್ಧ ದಿನ ಹೋಗುತ್ತದೆ.

ಶರಾವತಿ ಹಿನ್ನೀರು · ಸೋಮವಾರ ಬೆಳಿಗ್ಗೆ

ಏಳನೆಯ ತರಗತಿಯ ಮಕ್ಕಳಿಗೆ ಶಾಲೆಯ ಆವರಣದ ನಕ್ಷೆ ಬರೆಸಬೇಕೆಂದಿದ್ದೇನೆ, ಹೇಗೆ ಶುರು ಮಾಡುವುದೆಂದು ಸುಬೇದಾರರು ತಿಳಿಸಬೇಕು. ಇರಲಿ, ಇಂದಿನ ಅಂಕ ಎಷ್ಟು? ಕಾಫಿಗೆ ಮೊದಲಿನದು.

ದಿಕ್ಕುದೆಸೆ · ಸೋಮವಾರ ಬೆಳಿಗ್ಗೆ

ಮೌಲ್ಯಮಾಪಕರನ್ನು ಬದಲಿಸಿದ್ದೇನೆ ಮೇಡಂ. ಹಾಸಿಗೆಯಿಂದ ಬಚ್ಚಲಿಗೆ ಹೋಗುವ ಹತ್ತು ಹೆಜ್ಜೆಗಳನ್ನು ನನ್ನವಳು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡಿದಳು. ನಾನು ಕೊಟ್ಟುಕೊಂಡದ್ದು 2, ಅವಳು ಕೊಟ್ಟದ್ದು 4. ನಾಲ್ಕನ್ನೇ ಬರೆದುಕೊಂಡಿದ್ದೇನೆ. ಹೋದ ಸೋಮವಾರಕ್ಕಿಂತ ಒಂದು ಹೆಚ್ಚು, ಹಾಗಾಗಿ ಮೂರನೆಯ ಷರತ್ತಿಗೆ ನಾನು ನಪಾಸು.

ನಾಳೆ ತರಬೇತಿಗೆ ಹೋಗುತ್ತೇನೆ, ಆದರೆ ಓಡುವುದಿಲ್ಲ. ಹೊಸಬರ ಹೆಸರು ಬರೆದುಕೊಳ್ಳುವ ಮೇಜಿನ ಹಿಂದೆ ಕೂರುತ್ತೇನೆ. ಮುಗಿಸಿ ಬಂದವರೆಲ್ಲ ಹಾಜರಿ ಕೊಟ್ಟರೇ ಎಂದು ಪಟ್ಟಿ ನೋಡಿ ಟಿಕ್ ಹಾಕುವುದೂ ನನ್ನದೇ ಕೆಲಸವಂತೆ. ನಕ್ಷೆಯ ಚಿತ್ರವನ್ನು ಸಂಜೆ ಹಾಕುತ್ತೇನೆ ಸರ್. ಈಗ ನೂರೆಂಬತ್ತರಲ್ಲಿ ಮೊದಲ ತೊಂಬತ್ತು ಬಾಕಿ ಇವೆ, ಲಾಂಡ್ರಿ ಮೆಟ್ಟಿಲ ಅಂಚೇ ಅದಕ್ಕೆ ಸರಿಯಾದ ಎತ್ತರದಲ್ಲಿದೆ.